ಬಯೋಟೆಕ್ನಾಲಜಿ ಪಿಎಚ್‌ಡಿ: ಪ್ರಾಜೆಕ್ಟ್‌ಗೆ ಸೇರಲೇ, ಜೆಆರ್‌ಎಫ್‌ಗೆ ಓದಲೇ?

ಪ್ರಶ್ನೆ, ಕೊಪ್ಪದಿಂದ:
ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ ಮುಗಿಸಿದ್ದೇನೆ. ನಮ್ಮ ತೋಟದ ಅಡಿಕೆ ಮರಗಳು ಹಳದಿ ಎಲೆ ರೋಗಕ್ಕೆ ಸಾಲುಸಾಲಾಗಿ ಹೋಗುತ್ತಿವೆ. ಪಿಎಚ್‌ಡಿ ಮಾಡುವುದಾದರೆ ಅದರ ಮೇಲೆಯೇ ಎಂಬ ಹಟ ನನ್ನದು. ಪ್ರಾಧ್ಯಾಪಕರೊಬ್ಬರು ತಮ್ಮ ಪ್ರಾಜೆಕ್ಟ್‌ಗೆ ಕರೆಯುತ್ತಿದ್ದಾರೆ. "ಮೊದಲು ಸೇರಿಕೊ, ನೋಂದಣಿ ಆಮೇಲೆ ನೋಡೋಣ" ಎನ್ನುತ್ತಾರೆ. ಏನು ಮಾಡಲಿ?

ಉತ್ತರ, ಮೈಸೂರಿನಿಂದ (ಅಂಗಾಂಶ ಕೃಷಿ, ಪಿಎಚ್‌ಡಿ ಕೊನೆಯ ವರ್ಷ):
ಜೆಆರ್‌ಎಫ್‌ಗೆ, ಅಂದರೆ ನೆಟ್ ಪರೀಕ್ಷೆ ಬರೆದು ಪಡೆಯುವ ಸಂಶೋಧನಾ ಫೆಲೋಶಿಪ್‌ಗೆ, ಓದಿ. ಕಾರಣ ನಿಮ್ಮ ವಿಷಯದಲ್ಲೇ ಇದೆ. ಬಾಳೆಗಾದರೆ ಕಂದು ಉಂಟು. ಅಡಿಕೆಗೆ ಇರುವುದು ಒಂದೇ ಸುಳಿ. ಸುತ್ತಲಿನ ಮರಗಳೆಲ್ಲ ಹಳದಿಯಾದರೂ ಹಸಿರಾಗಿ ನಿಂತ ಮರವೊಂದು ಸಿಕ್ಕಿತೆನ್ನಿ. ಅದರ ಗೋಟಿನಿಂದ ಬೆಳೆದ ಸಸಿಗೆ ತಾಯಿಯ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಆ ಮರದ ಎಳೆಯ ಸಿಂಗಾರದ (ಹೂಗೊಂಚಲಿನ) ತುಂಡಿನಿಂದ ಪ್ರಯೋಗಾಲಯದಲ್ಲಿ ಕ್ಯಾಲಸ್ (ಜೀವಕೋಶಗಳ ಮುದ್ದೆ), ಅದರಿಂದ ಭ್ರೂಣ, ಭ್ರೂಣದಿಂದ ಸಸಿ ಎಬ್ಬಿಸಬೇಕು. ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಈ ವಿಧಾನ ರೂಪಿಸಿದ್ದಾರೆ. ವಿಟ್ಲದಲ್ಲಿ ಅವರ ಪ್ರಾದೇಶಿಕ ಕೇಂದ್ರವಿದೆ, ಖಂಡಿತ ಹೋಗಿ ಬನ್ನಿ. ಆದರೆ ಹಂತಹಂತಕ್ಕೂ ತಿಂಗಳುಗಟ್ಟಲೆ ಕಾಯಬೇಕು. ಮಳೆಗಾಲದಲ್ಲಿ ಬಾಟಲಿಯೊಳಗೆ ಬಿಳಿ ಬೂಸ್ಟು ಎದ್ದಿತೆಂದರೆ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಎಸೆದು ಮೊದಲಿನಿಂದ ಶುರು.

ಇಂಥ ಕೆಲಸ ಮೂರು ವರ್ಷದ ಪ್ರಾಜೆಕ್ಟ್‌ನ ಹಣಕ್ಕೆ ದಕ್ಕುವುದಿಲ್ಲ. ಜೆಆರ್‌ಎಫ್ ನಿಮ್ಮ ಹೆಸರಿಗೇ ಇದ್ದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದ ಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ.

ಉತ್ತರ, ಧಾರವಾಡದಿಂದ:
ಮೈಸೂರಿನವರ ಮಾತನ್ನು ಪೂರ್ತಿ ಒಪ್ಪಲಾರೆ. ನಾನು ಪ್ರಾಜೆಕ್ಟ್‌ನಲ್ಲಿ ದುಡಿಯುತ್ತಲೇ ಪರೀಕ್ಷೆಗೆ ಓದಿದವನು. ಕೈ ಪಳಗುತ್ತದೆ, ಮನೆಗೆ ಹೊರೆಯಾಗುವುದಿಲ್ಲ. ಇನ್ನು, ನೆಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಡಿಬಿಟಿಯ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ) ಅರ್ಹತಾ ಪರೀಕ್ಷೆ ಬಿಇಟಿಯನ್ನೂ ಬರೆಯಿರಿ. ಅದರಲ್ಲಿ ಎರಡು ಪಟ್ಟಿಗಳಿವೆ. ಮೊದಲನೆಯದರಲ್ಲಿದ್ದವರಿಗೆ ಫೆಲೋಶಿಪ್ ಸಿಗುತ್ತದೆ. ಎರಡನೆಯದು ಡಿಬಿಟಿ ಹಣದ ಪ್ರಾಜೆಕ್ಟ್‌ಗಳಿಗೆ ಸೇರಲು ಅರ್ಹತೆ ಅಷ್ಟೇ. ಇದನ್ನು ತಿಳಿಯದೆ ಸಂಭ್ರಮಪಟ್ಟು ಆಮೇಲೆ ಕಂಗಾಲಾದವರನ್ನು ಕಂಡಿದ್ದೇನೆ.

ಕೊಪ್ಪದಿಂದ:
ಇಬ್ಬರಿಗೂ ಧನ್ಯವಾದ. ಆ ಪ್ರಯೋಗಾಲಯದ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿದರೆ ಸರ್ ಬೇಸರ ಮಾಡಿಕೊಳ್ಳುವುದಿಲ್ಲವೇ?

ಮೈಸೂರಿನಿಂದ:
ವಿಚಾರಿಸಲೇಬೇಕು. ಅವರಲ್ಲಿ ಎಷ್ಟು ಜನ ಪದವಿ ಪಡೆದರು, ಎಷ್ಟು ವರ್ಷ ಹಿಡಿಯಿತು, ಪ್ರಕಟವಾದ ಲೇಖನಗಳಲ್ಲಿ ಮೊದಲ ಹೆಸರು ಯಾರದು, ಎಲ್ಲವನ್ನೂ ಕೇಳಿ. ಅಷ್ಟಕ್ಕೇ ಮುನಿಸಿಕೊಳ್ಳುವವರ ಕೈಕೆಳಗೆ ಐದು ವರ್ಷ ಕಳೆಯುವುದು ಕಷ್ಟ. ಧಾರವಾಡದವರು ಹೇಳಿದಂತೆ ಪ್ರಾಜೆಕ್ಟ್‌ಗೆ ಸೇರುವುದೇ ಆದರೆ, ನೋಂದಣಿ ಯಾವಾಗ ಎಂದು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಈ ಲೆಕ್ಕ ಪಿಎಚ್‌ಡಿಗೆ ಪ್ರವೇಶ ಪಡೆದ ದಿನದಿಂದ ಶುರು. ಅದಕ್ಕೂ ಮುಂಚೆ ನೀವು ಪ್ರಾಜೆಕ್ಟ್‌ನಲ್ಲಿ ಎಷ್ಟೇ ದುಡಿದಿರಲಿ, ಆ ಅವಧಿಯನ್ನು ಪಿಎಚ್‌ಡಿಗೆ ಸೇರಿಸಿಕೊಳ್ಳುವುದಿಲ್ಲ.