ಕನ್ಸೋಲ್ ಪ್ರೋಗ್ರಾಂ ಪ್ರಾಯೋಗಿಕ ಮಷೀನ್‌ನಲ್ಲೂ ಪ್ರೊಡಕ್ಷನ್ ಸೆಟ್ಟಿಂಗ್ಸ್ ಎತ್ತಿಕೊಳ್ಳುತ್ತಿದೆ, ಯಾಕೆ?

ಪ್ರಶ್ನೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಕೋಲ್ಡ್ ಸ್ಟೋರೇಜ್‌ಗೆ ಸಾಫ್ಟ್‌ವೇರ್ ಬರೆದು ಕೊಡುತ್ತೇನೆ. ತಿಕೋಟಾ ಕಡೆಯ ಬೆಳೆಗಾರರು ಒಣದ್ರಾಕ್ಷಿ ಬಾಕ್ಸ್ ತಂದು ಇಡುತ್ತಾರೆ. ರಾತ್ರಿ ಒಂದು ಡಾಟ್‌ನೆಟ್ 8 (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ) ಕನ್ಸೋಲ್ ಪ್ರೋಗ್ರಾಂ ಓಡಿ, ಯಾರ ಬಾಡಿಗೆ ಎಷ್ಟಾಯಿತು ಅಂತ ಲೆಕ್ಕ ಹಾಕಿ ಎಸ್‌ಎಂಎಸ್ ಕಳಿಸುತ್ತದೆ.

ಮೂಲ ಸೆಟ್ಟಿಂಗ್ಸ್ ಫೈಲ್ ಆಪ್‌ಸೆಟ್ಟಿಂಗ್ಸ್.ಜೆಸನ್ ಜೊತೆಗೆ ಡೆವಲಪ್‌ಮೆಂಟ್ (ಪ್ರೋಗ್ರಾಂ ಬರೆಯುವಾಗ), ಸ್ಟೇಜಿಂಗ್ (ಪ್ರಯೋಗಕ್ಕೆ), ಪ್ರೊಡಕ್ಷನ್ (ನಿಜವಾದ ಕೆಲಸಕ್ಕೆ) ಪರಿಸರಗಳಿಗೆ ಒಂದೊಂದು ಫೈಲ್ ಇದೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ. ಪ್ರಾಯೋಗಿಕ ವಿಂಡೋಸ್ ಮಷೀನ್‌ನಲ್ಲಿ ಯಾವ ಪರಿಸರ ಅಂತ ಹೇಳುವ ಎಎಸ್‌ಪಿನೆಟ್‌ಕೋರ್_ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಸ್ಟೇಜಿಂಗ್ ಅಂತ ಕೊಟ್ಟಿದ್ದೇವೆ. ಅಲ್ಲಿನ ವೆಬ್‌ಸೈಟ್ ಅದನ್ನು ಓದುತ್ತದೆ. ಕನ್ಸೋಲ್ ಪ್ರೋಗ್ರಾಂ ಮಾತ್ರ ಓದುತ್ತಿಲ್ಲ. ಲಾಗ್‌ನಲ್ಲಿ ನಿಜವಾದ ಡೇಟಾಬೇಸ್ ಹೆಸರು ಕಂಡಿದ್ದಕ್ಕೆ ತಕ್ಷಣ ನಿಲ್ಲಿಸಿದೆ. ಬೆಳೆಗಾರರಿಗೆ ಸುಳ್ಳು ಬಾಕಿಯ ಎಸ್‌ಎಂಎಸ್ ಹೋದರೆ ಮಾರನೇ ದಿನ ಬೆಳಿಗ್ಗೆ ಅವರು ಗೇಟಿಗೇ ಬರುತ್ತಾರೆ. ಅವರ ಮುಂದೆ ಮಾಲೀಕರು ಏನು ಹೇಳಬೇಕು? ಸೆಟ್ಟಿಂಗ್ಸ್ ಓದಿ ಪ್ರೋಗ್ರಾಂ ಶುರುಮಾಡುವ ಹೋಸ್ಟ್‌ಗೆ ಹೋಸ್ಟ್.ಕ್ರಿಯೇಟ್‌ಅಪ್ಲಿಕೇಷನ್‌ಬಿಲ್ಡರ್ ಬಳಸಿದ್ದೇನೆ. ಏನು ಬಿಟ್ಟುಹೋಗಿದೆ?

ಉತ್ತರ (ಬೆಳಗಾವಿ)

ಆ ವೇರಿಯಬಲ್ ವೆಬ್ ಅಪ್ಲಿಕೇಷನ್‌ಗೆ ಮಾತ್ರ, ಅಣ್ಣಾ. ಕನ್ಸೋಲ್‌ನ ಹೋಸ್ಟ್ ನೋಡುವುದು ಡಾಟ್‌ನೆಟ್_ಎನ್ವಿರಾನ್‌ಮೆಂಟ್ ಅನ್ನು. ಅದು ಸಿಗದಿದ್ದರೆ ಏನೂ ಹೇಳದೆ ಪ್ರೊಡಕ್ಷನ್ ಅಂತ ತಗೊಳ್ಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಹೋಗಿದ್ದು ಬಹುಶಃ ಡೆವಲಪರ್ ಮಷೀನ್‌ನಲ್ಲಿ ಓಡಿಸುವಾಗ ಮಾತ್ರ ಬಳಸುವ ಲಾಂಚ್‌ಸೆಟ್ಟಿಂಗ್ಸ್ ಫೈಲ್‌ನಿಂದ. ಪಬ್ಲಿಷ್ ಆದ ಪ್ರೋಗ್ರಾಂ ಆ ಫೈಲನ್ನು ನೋಡುವುದೇ ಇಲ್ಲ.

ಆದರೆ ಮಷೀನ್ ಮಟ್ಟದ ವೇರಿಯಬಲ್ ನನಗೆ ಇಷ್ಟವಿಲ್ಲ. ನಾಳೆ ಒಂದೇ ಮಷೀನ್‌ನಲ್ಲಿ ಪ್ರಾಯೋಗಿಕ ಕಾಪಿ, ನಿಜವಾದ ಕಾಪಿ ಎರಡೂ ಓಡಿಸಬೇಕಾಗಿ ಬರುತ್ತದೆ. ರಾತ್ರಿ ಪ್ರೋಗ್ರಾಂ ಓಡಿಸುವ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ ಆರ್ಗ್ಯುಮೆಂಟ್ಸ್ ಜಾಗದಲ್ಲಿ --ಎನ್ವಿರಾನ್‌ಮೆಂಟ್=ಸ್ಟೇಜಿಂಗ್ ಅಂತ ಬರೆಯಿರಿ. ಬಿಲ್ಡರ್‌ಗೆ ಆರ್ಗ್ಸ್ (ಆ ಆರ್ಗ್ಯುಮೆಂಟ್‌ಗಳನ್ನು) ಕೊಟ್ಟಿದ್ದರೆ ಸಾಕು, ಅದೇ ಓದಿಕೊಳ್ಳುತ್ತದೆ. ಕಮಾಂಡ್ ಲೈನ್ ಕೊನೆಗೆ ಸೇರುವುದರಿಂದ ಅದರ ಮಾತೇ ನಡೆಯುತ್ತದೆ. ಯಾವ ಟಾಸ್ಕ್ ಯಾವ ಪರಿಸರದ್ದು ಅಂತ ಟಾಸ್ಕ್ ತೆರೆದು ನೋಡಿದವರಿಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹೋಸ್ಟ್ ಈ ಫೈಲ್‌ಗಳನ್ನು ಸಾಮಾನ್ಯವಾಗಿ ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲಲ್ಲ, ಅದನ್ನು ಎಲ್ಲಿಂದ ಓಡಿಸುತ್ತೀರೋ ಆ ಫೋಲ್ಡರ್‌ನಲ್ಲಿ. ನಾನು ಇಲ್ಲಿ ಲಿನಕ್ಸ್‌ನಲ್ಲಿ ಕ್ರಾನ್ (ಅಲ್ಲಿನ ಶೆಡ್ಯೂಲರ್) ಇಂದ ಓಡಿಸುತ್ತೇನೆ, ಅಲ್ಲಿ ಅದು ಹೋಮ್ ಫೋಲ್ಡರ್. ಫೈಲ್ ಸಿಗದಿದ್ದರೂ ಹೋಸ್ಟ್ ದೂರುವುದಿಲ್ಲ, ಅದಕ್ಕೆ ಅವೆಲ್ಲ ಐಚ್ಛಿಕ. ಸುಮ್ನೆ ಖಾಲಿ ಸೆಟ್ಟಿಂಗ್ಸ್‌ನಲ್ಲಿ ಮುಂದೆ ಹೋಗುತ್ತದೆ. ಬಿಲ್ಡರ್ ಸೆಟ್ಟಿಂಗ್ಸ್‌ನಲ್ಲಿ ಕಂಟೆಂಟ್‌ರೂಟ್‌ಪಾಥ್‌ಗೆ ಆಪ್‌ಕಾಂಟೆಕ್ಸ್ಟ್.ಬೇಸ್‌ಡೈರೆಕ್ಟರಿ, ಅಂದರೆ ಪ್ರೋಗ್ರಾಂ ಇರುವ ಫೋಲ್ಡರನ್ನೇ, ಕೊಟ್ಟುಬಿಡಿ. ಲಿನಕ್ಸ್‌ಗೆ ಹೋದರೆ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರವೂ ಸರಿ ಇರಲಿ.

ಉತ್ತರ (ಬಾಗಲಕೋಟೆ)

ಮೇಲಿನವರು ಹೇಳಿದ್ದು ಸರಿ. ಆದರೆ ಆರ್ಗ್ಯುಮೆಂಟ್ ಮರೆತರೆ ಮತ್ತೆ ಪ್ರೊಡಕ್ಷನ್ನೇ ಅಲ್ವಾ? ಹೆಸರು ಕೊಡದಿದ್ದರೆ ಪ್ರೊಡಕ್ಷನ್ ಅನ್ನುವ ನಿಯಮ ವೆಬ್‌ಸೈಟ್‌ಗೆ ಒಳ್ಳೆಯದು. ಡೆವಲಪರ್‌ಗೆ ಬೇಕಾದ ಎರರ್ ವಿವರ ಹೊರಗಿನವರಿಗೆ ಕಾಣುವುದಿಲ್ಲ. ಎಸ್‌ಎಂಎಸ್ ಕಳಿಸುವ ಪ್ರೋಗ್ರಾಂಗೆ ಅದೇ ಅಪಾಯ.

ಅದಕ್ಕೆ ನಾನು ಮೊದಲೇ ಕಾನ್ಫಿಗರೇಷನ್‌ನಲ್ಲಿ ಎನ್ವಿರಾನ್‌ಮೆಂಟ್ ಕೀ (ಆ ಹೆಸರಿನ ಸೆಟ್ಟಿಂಗ್) ಖಾಲಿಯಾ ಅಂತ ನೋಡುತ್ತೇನೆ. ಖಾಲಿ ಇದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು. ಹೋಸ್ಟ್ ಕೊಡುವ ಎನ್ವಿರಾನ್‌ಮೆಂಟ್‌ನೇಮ್ ನೋಡಿದರೆ ಪ್ರಯೋಜನವಿಲ್ಲ, ಅದರಲ್ಲಿ ಆಗಲೇ ಪ್ರೊಡಕ್ಷನ್ ತುಂಬಿರುತ್ತದೆ.

ಎಸ್‌ಎಂಎಸ್ ಕೀ (ಎಸ್‌ಎಂಎಸ್ ಕಳಿಸಲು ಬೇಕಾದ ಗುಪ್ತ ಸಂಕೇತ), ಡೇಟಾಬೇಸ್ ಪಾಸ್‌ವರ್ಡ್ ಯಾವ ಜೆಸನ್ ಫೈಲ್‌ನಲ್ಲೂ ಇಡಬೇಡಿ. ನಿಜವಾದ ಟಾಸ್ಕ್ ಓಡುವ ಯೂಸರ್ ಅಕೌಂಟ್‌ಗೆ ಮಾತ್ರ ವೇರಿಯಬಲ್ ಆಗಿ ಕೊಡಿ: ಎಸ್‌ಎಂಎಸ್__ಕೀ, ನಡುವೆ ಎರಡು ಅಂಡರ್‌ಸ್ಕೋರ್. ಪ್ರೋಗ್ರಾಂ ಅದನ್ನು ಎಸ್‌ಎಂಎಸ್:ಕೀ ಅಂತ ಓದುತ್ತದೆ. ಆಗ ಪ್ರಾಯೋಗಿಕ ಕಾಪಿ ತಪ್ಪಿ ಪ್ರೊಡಕ್ಷನ್ ಅಂದುಕೊಂಡರೂ ಕಳಿಸುವುದಕ್ಕೆ ಅದರ ಕೈಯಲ್ಲಿ ಕೀ ಇರುವುದಿಲ್ಲ.

ಪ್ರಶ್ನೆ ಕೇಳಿದವರು (ವಿಜಯಪುರ)

ಇಬ್ಬರಿಗೂ ತುಂಬಾ ಧನ್ಯವಾದ. ಆರ್ಗ್ಯುಮೆಂಟ್ ಹಾಕಿದೆ, ಸ್ಟೇಜಿಂಗ್ ಬಂತು. ಹೆಸರಿಲ್ಲದೆ ಓಡಿಸಿದರೆ ಈಗ ನಿಲ್ಲುತ್ತದೆ. ಕೀ ಕೂಡ ಫೈಲ್‌ನಿಂದ ತೆಗೆದೆ. ಪ್ರಾಯೋಗಿಕ ಅಕೌಂಟ್‌ಗೆ ಬೇರೆ ಕೀ ಕೊಟ್ಟಿದ್ದೇನೆ.

ಒಂದು ಮಾತ್ರ ಅರ್ಥವಾಗಲಿಲ್ಲ. ರಾತ್ರಿಯ ವರದಿ ಯಾರಿಗೆ ಹೋಗಬೇಕು ಅನ್ನುವ ಮೊಬೈಲ್ ನಂಬರ್‌ಗಳ ಪಟ್ಟಿ ಮೂಲ ಫೈಲ್‌ನಲ್ಲಿದೆ: ಮಾಲೀಕರು, ಮ್ಯಾನೇಜರ್, ಲೆಕ್ಕದವರು. ಸ್ಟೇಜಿಂಗ್ ಫೈಲ್‌ನಲ್ಲಿ ನನ್ನ ನಂಬರ್ ಒಂದೇ ಇದೆ. ಆದರೂ ಮ್ಯಾನೇಜರ್‌ಗೂ ಲೆಕ್ಕದವರಿಗೂ ವರದಿ ಹೋಗಿದೆ, ಮಾಲೀಕರಿಗೆ ಹೋಗಿಲ್ಲ!

ಉತ್ತರ (ಬೆಳಗಾವಿ)

ಎರಡನೇ ಫೈಲ್ ಇಡೀ ಪಟ್ಟಿಯನ್ನು ಬದಲಿಸುವುದಿಲ್ಲ. ಡಾಟ್‌ನೆಟ್‌ಗೆ ಪಟ್ಟಿ ಅಂದರೆ ನಂಬರ್ಸ್:0, ನಂಬರ್ಸ್:1, ನಂಬರ್ಸ್:2 ಅನ್ನುವ ಬಿಡಿ ಬಿಡಿ ಕೀಗಳು. ನೀವು 0 ಅನ್ನು ಮಾತ್ರ ಬದಲಿಸಿದಿರಿ, ಮಾಲೀಕರ ಜಾಗಕ್ಕೆ ನೀವು ಬಂದಿರಿ. 1 ಮತ್ತು 2 ಮೂಲ ಫೈಲ್‌ನಿಂದ ಹಾಗೇ ಉಳಿದವು. ಮೂಲ ಫೈಲ್‌ನಲ್ಲಿ ಪಟ್ಟಿಯೇ ಬೇಡ. ಮೂರೂ ನಂಬರ್ ಪ್ರೊಡಕ್ಷನ್ ಫೈಲ್‌ಗೆ ಸಾಗಿಸಿ, ನಿಮ್ಮದು ಸ್ಟೇಜಿಂಗ್‌ನಲ್ಲಿ ಇರಲಿ.