ಅಪ್‌ಡೇಟ್: ವಕೀಲರಿಲ್ಲದೆ ಸಲ್ಲಿಸಿದ ವಿಚ್ಛೇದನ ಅರ್ಜಿ ಇತ್ಯರ್ಥವಾಯಿತು

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ವಕೀಲರಿಲ್ಲದೆ ನಾವಿಬ್ಬರೇ ಅರ್ಜಿ ಸಲ್ಲಿಸಬಹುದೇ ಎಂದು ಹಿಂದೆ ಕೇಳಿದ್ದೆ. ಈಗ ಡಿಕ್ರಿಯ, ಅಂದರೆ ನ್ಯಾಯಾಲಯದ ವಿಚ್ಛೇದನ ಆದೇಶದ, ದೃಢೀಕೃತ ನಕಲು ಕೈಸೇರಿದೆ. ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಆ ನ್ಯಾಯಾಲಯಗಳಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಪಕ್ಷಗಾರರ ಹಕ್ಕೇ ಅಲ್ಲವಾದ್ದರಿಂದ, ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ (ಪರಸ್ಪರ ಒಪ್ಪಿಗೆಯ ವಿಚ್ಛೇದನ) ಅಡಿ ನಾವೇ ಬರೆದ ಜಂಟಿ ಅರ್ಜಿಗೆ ಆಕ್ಷೇಪ ಬರಲಿಲ್ಲ. ಕಷ್ಟವಾದದ್ದು ಒಪ್ಪಂದದ ಕರಾರುಗಳು. 'ಮಗಳ ಖರ್ಚನ್ನು ಇಬ್ಬರೂ ಭರಿಸತಕ್ಕದ್ದು' ಎಂಬ ನಮ್ಮ ಸಾಲಿನ ಕೆಳಗೆ ನ್ಯಾಯಾಲಯದ ಆಪ್ತಸಮಾಲೋಚಕಿ ಪೆನ್ಸಿಲಿನಿಂದ ಗೆರೆ ಎಳೆದು, ಯಾರು, ಎಷ್ಟು, ಯಾವ ತಾರೀಖಿನೊಳಗೆ ಎಂದು ಕೇಳಿದರು. ಅದನ್ನು ತಿದ್ದಲು ನಮಗೆ ಮೂರು ಸಂಜೆ ಬೇಕಾಯಿತು.

ಅರ್ಜಿ ಸಲ್ಲಿಸಿದ ಆರು ತಿಂಗಳ ನಂತರದ ಹಾಜರಿಯಲ್ಲಿ ನ್ಯಾಯಾಧೀಶರು ಒಪ್ಪಿಗೆ ಸ್ವಇಚ್ಛೆಯದೇ ಎಂದಷ್ಟೇ ಇಬ್ಬರನ್ನೂ ವಿಚಾರಿಸಿದರು. ಆಸ್ತಿಯ ತಕರಾರಿರುವವರು ಮಾತ್ರ ಕರಡನ್ನಾದರೂ ವಕೀಲರಿಗೆ ತೋರಿಸಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.