ಮಗನಿಗೆ ಏನು ಹೇಳಲಿ? – ಓದುಗರ ಸ್ಪಂದನ

ಕಳೆದ ವಾರ ಮೈಸೂರಿನ ತಾಯಿಯೊಬ್ಬರು ಬರೆದಿದ್ದರು. ಎಡಿನ್‌ಬರಾದ ಬ್ಯಾಂಕೊಂದರಲ್ಲಿರುವ ಮಗನಿಗೆ ಬಡ್ತಿ ಸಿಕ್ಕಿದೆ. ಮೊದಲ ಕೆಲಸವೇ 60 ಜನರನ್ನು ಮನೆಗೆ ಕಳಿಸುವುದು. ‘ಫ್ರೆಡ್ ಗುಡ್‌ವಿನ್ ಮೇಲೆ ಬಂದಿದ್ದೇ ಹೀಗೆ ಅಮ್ಮಾ’ ಅನ್ನುತ್ತಾನಂತೆ. ಗುಡ್‌ವಿನ್ ಅಂದರೆ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಹಿಂದಿನ ಮುಖ್ಯಸ್ಥ. ಕೆಲಸ ಬಿಡು ಅನ್ನಲೇ ಎಂಬುದು ಅವರ ಪ್ರಶ್ನೆ.

ಮೂವತ್ತು ದಾಟಿದ ಮಗ. ಅವನ ಆಫೀಸಿನ ವಿಷಯಕ್ಕೆ ನೀವ್ಯಾಕೆ ತಲೆ ಹಾಕ್ತೀರಿ? ಸುಮ್ನಿರಿ.
– ದಾವಣಗೆರೆಯ ಓದುಗ

ಸುಮ್ಮನಿರುವುದು ಎಲ್ಲರಿಗೂ ಆಗುವುದಿಲ್ಲ. ಮುಂದಿನ ಪತ್ರ ಉದ್ದವಿದೆ, ಕತ್ತರಿಸಲು ಮನಸ್ಸಾಗಲಿಲ್ಲ.

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2009ರಲ್ಲಿ ನಾನೂ ಎಡಿನ್‌ಬರಾದಲ್ಲೇ ಇದ್ದೆ, ಬೇರೆ ಒಂದು ಬ್ಯಾಂಕಿನಲ್ಲಿ, ಹೆಸರು ಬೇಡ. ಒಂದು ಬೆಳಿಗ್ಗೆ ಗೇಟಿನಲ್ಲಿ ಕಾರ್ಡ್ ಉಜ್ಜಿದರೆ ಕೆಂಪು ದೀಪ. ಮತ್ತೆ ಉಜ್ಜಿದೆ, ಮತ್ತೆ ಕೆಂಪು. ದಿನಾ ನಕ್ಕು ಮಾತಾಡಿಸುತ್ತಿದ್ದ ಸೆಕ್ಯುರಿಟಿಯವನು ಅವತ್ತು ನೆಲ ನೋಡುತ್ತಾ ನಿಂತಿದ್ದ. ಮಧ್ಯಾಹ್ನಕ್ಕೆ ಅಂತ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ಬಸ್ ಸ್ಟಾಪಿನಲ್ಲಿ ಕೂತು ತಿಂದೆ. ನನ್ನ ಹೆಸರನ್ನು ಪಟ್ಟಿಗೆ ಸೇರಿಸಿದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಗುಡ್‌ವಿನ್ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಎಲೆಕ್ಟ್ರಿಷಿಯನ್ ಒಬ್ಬರ ಮಗ, ಮನೆತನದಲ್ಲಿ ಯೂನಿವರ್ಸಿಟಿ ಮೆಟ್ಟಿಲು ಹತ್ತಿದ ಮೊದಲಿಗ. 2000ದಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ತನಗಿಂತ ದೊಡ್ಡದಾದ ನ್ಯಾಟ್‌ವೆಸ್ಟನ್ನು ನುಂಗಿತು, ಸುಮಾರು 18,000 ಕೆಲಸಗಳು ಹೋದವು, ಆಮೇಲೆ ಇವರೇ ಮುಖ್ಯಸ್ಥರು. ‘ಫ್ರೆಡ್ ದ ಶ್ರೆಡ್’, ಅಂದರೆ ಚೂರುಚೂರು ಮಾಡುವ ಫ್ರೆಡ್, ಅಂತ ಅಡ್ಡಹೆಸರು. 2004ರಲ್ಲಿ ಸರ್ ಪದವಿ ಬಂತು. 2008ರಲ್ಲಿ ಬ್ಯಾಂಕೇ ಮುಳುಗಿ, ಸರ್ಕಾರ ಒಟ್ಟು 4,500 ಕೋಟಿ ಪೌಂಡ್ ಸುರಿಯಬೇಕಾಯಿತು. 2012ರಲ್ಲಿ ಆ ಪದವಿ ಕಿತ್ತುಕೊಂಡರು. ಅವತ್ತು ನನಗೆ ಖುಷಿಯಾಗುತ್ತೆ ಅಂದುಕೊಂಡಿದ್ದೆ, ಏನೂ ಆಗಲಿಲ್ಲ.

ಕೆಲಸ ಬಿಡು ಅನ್ನಬೇಡಿ. ಅವನು ಬಿಟ್ಟರೆ ಆ ಪಟ್ಟಿ ಇನ್ನೊಬ್ಬನ ಕೈಗೆ ಹೋಗುತ್ತೆ. ಒಬ್ಬೊಬ್ಬರನ್ನೂ ಕರೆದು, ಎದುರಿಗೆ ಕೂತು ಹೇಳು ಅನ್ನಿ. ಅಷ್ಟೇ.
– ಹೆಸರು ಬೇಡ ಎಂದಿದ್ದಾರೆ

ಹುಬ್ಬಳ್ಳಿಯ ನಿವೃತ್ತ ಆಡಿಟರ್ ಒಬ್ಬರಿಗೆ ಚಿಂತೆ ಬೇರೆಯದು.

ಜನರನ್ನು ತೆಗೆದದ್ದಲ್ಲ ತಾಯಿ, ಸರಿಯಾಗಿ ನೋಡದೆ ಕೊಂಡದ್ದು ಆ ಗುಡ್‌ವಿನ್‌ನನ್ನು ಮುಳುಗಿಸಿತು. 2007ರಲ್ಲಿ ಇನ್ನೆರಡು ಬ್ಯಾಂಕುಗಳ ಜೊತೆ ಸೇರಿ ನೆದರ್ಲೆಂಡ್ಸ್‌ನ ಎಬಿಎನ್ ಆಮ್ರೊ ಬ್ಯಾಂಕನ್ನು 7,100 ಕೋಟಿ ಯೂರೋಗೆ ಕೊಂಡರು. ಮುಂಚೆ ಕೈಗೆ ಸಿಕ್ಕ ಕಾಗದಪತ್ರ ಎಷ್ಟು ಗೊತ್ತೇ? ಎರಡು ಫೈಲು, ಒಂದು ಸಿಡಿ! ಬ್ರಿಟನ್ನಿನ ಹಣಕಾಸು ನಿಯಂತ್ರಕರ 2011ರ ವರದಿಯಲ್ಲೇ ಇದೆ. ನಮ್ಮ ಸೊಸೈಟಿಯಲ್ಲಿ ಎಮ್ಮೆ ಸಾಲಕ್ಕೂ ಇದಕ್ಕಿಂತ ಜಾಸ್ತಿ ಕಾಗದ ಕೇಳ್ತಾರೆ. ಅದೂ ಸ್ವತಃ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದವರು! ನಿಮ್ಮ ಮಗನೂ ಸಿಎ ಇರಬೇಕು, ಅಲ್ವಾ?

ಲಂಡನ್ನಿನಿಂದ ಬಂದ ಈ ಪತ್ರವನ್ನೂ ಬಿಡುವಂತಿಲ್ಲ.

ಬೈಯುವವರು ಬೈತಾರೆ ಆಂಟಿ. ಗುಡ್‌ವಿನ್‌ನ ಪಿಂಚಣಿ ವರ್ಷಕ್ಕೆ 7 ಲಕ್ಷ ಪೌಂಡ್ ಇತ್ತು. ಅಷ್ಟು ಗಲಾಟೆಯಾಗಿ, ಮನೆಯ ಕಿಟಕಿಗೆ ಕಲ್ಲು ಬಿದ್ದ ಮೇಲೂ 3,42,500 ಉಳಿಯಿತು. ಜೈಲಿಗೇನೂ ಹೋಗಲಿಲ್ಲ. ಮಗ ಬೆಳೆಯಲಿ ಬಿಡಿ.

ಚಿತ್ರಾನ್ನದ ಪತ್ರವನ್ನು ಮೈಸೂರಿನ ತಾಯಿಗೆ ಪ್ರತ್ಯೇಕವಾಗಿ ಕಳಿಸಿದ್ದೇವೆ.
– ಸಂ.